ನಚಿಕೇತನ ಪ್ರಶ್ನೆ



ಪ್ರಾಚೀನರ ಜ್ಞಾನವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ತಾವು ಅಪ್ಪಣೆ ಮಾಡಿರುವಿರಿ. ನಾನು ಪಂಡಿತನಲ್ಲ, ನ್ಯಾಯಾಲಯದಲ್ಲಿ ವಾದಿಸುವುದು ನನ್ನ ವೃತ್ತಿ. ಆದುದರಿಂದ ಬಹುಕಾಲದಿಂದ ನನ್ನನ್ನು ಕಾಡುತ್ತಿರುವ ಒಂದೇ ಕಥೆಯನ್ನು ತಮ್ಮ ಮುಂದಿಡುವೆನು.

ಕೃಷ್ಣಯಜುರ್ವೇದಕ್ಕೆ ಸೇರಿದ ಕಠೋಪನಿಷತ್ತಿನ ಕಥೆಯದು. ವಾಜಶ್ರವಸನು ಸರ್ವಸ್ವವನ್ನೂ ದಾನಮಾಡಬೇಕಾದ ಯಜ್ಞವನ್ನು ಕೈಕೊಂಡನು. ಆದರೆ ದಕ್ಷಿಣೆಯಾಗಿ ಹೊರಟ ಆಕಳುಗಳು ಮುಪ್ಪಿನವು, ಹಾಲು ಬತ್ತಿದವು. ಬಾಲಕ ನಚಿಕೇತನು ಇದನ್ನು ಕಂಡು, ತನ್ನನ್ನು ಯಾರಿಗೆ ಕೊಡುವಿರೆಂದು ತಂದೆಯನ್ನು ಮೂರು ಸಲ ಕೇಳಿದನು. ಸಿಟ್ಟಿಗೆದ್ದ ತಂದೆ ಮೃತ್ಯುವಿಗೆ ಕೊಟ್ಟೆನೆಂದನು. ಯಮನ ಮನೆಯಲ್ಲಿ ಮೂರು ರಾತ್ರಿ ಉಪವಾಸವಿದ್ದ ಆ ಅತಿಥಿಗೆ ಮೂರು ವರಗಳು ದೊರೆತವು. ಮೊದಲನೆಯದರಿಂದ ತಂದೆಯ ಮನಶ್ಶಾಂತಿಯನ್ನು, ಎರಡನೆಯದರಿಂದ ಸ್ವರ್ಗಸಾಧನವಾದ ಅಗ್ನಿವಿದ್ಯೆಯನ್ನು ಬೇಡಿದನು. ಮೂರನೆಯದು, ಸತ್ತ ಬಳಿಕ ಮನುಷ್ಯನು ಉಂಟೋ ಇಲ್ಲವೋ ಎಂಬ ಪ್ರಶ್ನೆ. ಯಮನು ಆನೆ, ಕುದುರೆ, ಹೊನ್ನು, ದೀರ್ಘಾಯುಷ್ಯಗಳನ್ನು ಒಡ್ಡಿದರೂ ಹುಡುಗನು ಕದಲಲಿಲ್ಲ.

ಕಾಲೇಜಿನಲ್ಲಿ ಇದನ್ನು ಓದಿದಾಗ ಮೂರನೆಯ ವರವೇ ಕಥೆಯ ತಿರುಳೆಂದು ನಾನು ತಿಳಿದಿದ್ದೆನು. ಆತ್ಮವಿದ್ಯೆಯ ಎತ್ತರವನ್ನು ನೋಡುವ ಆತುರದಲ್ಲಿ ಯಜ್ಞಶಾಲೆಯ ಮುಂದೆ ನಿಂತ ಆಕಳುಗಳು ನನಗೆ ಕಾಣಿಸಿರಲಿಲ್ಲ. ಅವು ಕಾಣಿಸಿದುದು ನನ್ನ ತಂದೆಯವರ ಉತ್ತರಕ್ರಿಯೆಯ ದಿನ. ಗೋದಾನಕ್ಕೆಂದು ನಾನು ಹಿಡಿದು ತಂದ ಆಕಳನ್ನು ನೋಡಿ ಎಂಟು ವರ್ಷದ ಮಗನು, “ಅಪ್ಪಾ, ಇದು ಹಾಲು ಕೊಡುವುದಿಲ್ಲವಲ್ಲ?” ಎಂದನು. ಹತ್ತು ಜನರ ಮುಂದೆ ಅವನನ್ನು ಗದರಿಸಿದೆನು. ಹಾಲು ಕೊಡುವ ಆಕಳು ಕೊಟ್ಟಿಗೆಯಲ್ಲಿಯೇ ಇದ್ದಿತು. ಮಂತ್ರದಲ್ಲಿ ಒಂದಕ್ಷರವೂ ತಪ್ಪಲಿಲ್ಲ, ತಪ್ಪಿದವನು ನಾನು. ಆ ಬಳಿಕ ಎಷ್ಟೋ ದಿನ ಮಗನು ನನ್ನನ್ನು ಏನನ್ನೂ ಕೇಳಲಿಲ್ಲ.

ಹೀಗೆ ಪ್ರಶ್ನಿಸಿದ ನಚಿಕೇತನನ್ನು ಉಪನಿಷತ್ತು ಉದ್ಧಟನೆನ್ನುವುದಿಲ್ಲ. ಅವನಲ್ಲಿ ಶ್ರದ್ಧೆಯು ಹೊಕ್ಕಿತೆಂದು ಹೇಳುತ್ತದೆ. ಬಾಯಿಮುಚ್ಚಿ ಹಿಂಬಾಲಿಸುವುದೇ ಶ್ರದ್ಧೆಯೆಂದು ಬಗೆದಿದ್ದ ನನಗೆ ಇದೊಂದು ಪಾಠ. ತಂದೆಯ ಮುಂದೆ ಸತ್ಯವನ್ನು ಕೇಳಲಂಜಿದವನು ಮೃತ್ಯುವಿನ ಮುಂದೆ ಏನನ್ನು ಕೇಳಿಯಾನು?

ನನ್ನ ವೃತ್ತಿಯವರೇ ಆದ ವಿಜಾಪುರದ ಫ. ಗು. ಹಳಕಟ್ಟಿಯವರು (1880–1964) ಓಲೆಗರಿಯ ಕಟ್ಟುಗಳನ್ನು ಅರಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು, ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. ಅವರು ಕೊಟ್ಟುದು ಕರೆಯುವ ಆಕಳನ್ನು.

1956ರ ನವೆಂಬರ್ 1ರಂದು ಹರಿದು ಹಂಚಿದ್ದ ಕನ್ನಡನಾಡು ಒಂದಾಯಿತು. ಗಡಿಗಳು ಕೂಡಿದ ಮಾತ್ರಕ್ಕೆ ನಮ್ಮ ಋಣ ತೀರಲಿಲ್ಲ. ಈ ತಾಯಿಗೆ ನಾವು ಅರ್ಪಿಸುತ್ತಿರುವುದು ದುಡಿಮೆಯ ಹೊತ್ತನ್ನೋ, ದಣಿದ ಸಂಜೆಯ ಮಿಕ್ಕ ಗಳಿಗೆಯನ್ನೋ?

ಅಧ್ಯಾಪಕರಲ್ಲಿ ನನ್ನದೊಂದೇ ಬಿನ್ನಹ: ತಮ್ಮ ತರಗತಿಯಲ್ಲಿ ಯಾವನಾದರೊಬ್ಬ ಹುಡುಗನು ಆಕಳನ್ನು ತೋರಿಸಿ ಪ್ರಶ್ನಿಸಿದರೆ, ದಯವಿಟ್ಟು ಅವನನ್ನು ಕುಳ್ಳಿರಿಸಬೇಡಿರಿ.