ನಮ್ಮ ಚಾರಿತ್ರಿಕ ಕಾದಂಬರಿಗಳು: ಓದತಕ್ಕವು ಯಾವುವು?

(ಹುಣಸೂರಿನಲ್ಲಿ ಉಪಾಧ್ಯಾಯರೂ ವಾಚಕರೂ ನೆರೆದಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಹೊಸ ಚಾರಿತ್ರಿಕ ಕಾದಂಬರಿಗಳಲ್ಲಿ ಓದತಕ್ಕವು ಯಾವುವೆಂಬುದನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ತಾವು ನನಗೆ ಅಪ್ಪಣೆಮಾಡಿದ್ದೀರಿ. ನಾನು ವಿಮರ್ಶಕನಲ್ಲ, ಪುಸ್ತಕದ ಚಪಲವುಳ್ಳ ಸಾಮಾನ್ಯ ವಾಚಕನು. ಆ ಸಲಿಗೆಯಿಂದಲೇ ಕೆಲವು ಸಂಗತಿಗಳನ್ನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಕೆಲವು ಕಾಲದ ಹಿಂದೆ ಪಿರಿಯಾಪಟ್ಟಣದಲ್ಲಿ ಹಳೆಯ ಕೋಟೆಯ ಬಳಿ ನಿಂತಿದ್ದಾಗ, ಶಾಲೆಯಿಂದ ಹಿಂತಿರುಗುತ್ತಿದ್ದ ಹುಡುಗನೊಬ್ಬನನ್ನು, “ಇದು ಯಾರ ಕೋಟೆಯಪ್ಪಾ?” ಎಂದು ಕೇಳಿದೆನು. “ಅದು ಹಳೇ ಕೋಟೆ ಸಾರ್, ಅಲ್ಲಿ ಏನೂ ಇಲ್ಲ” ಎಂದು ಆತನು ಓಡಿಹೋದನು. ಆ ಉತ್ತರವು ಬಹುದಿನ ನನ್ನನ್ನು ಬಾಧಿಸಿತು. 1644ರಲ್ಲಿ ಮೈಸೂರಿನ ಕಂಠೀರವ ನರಸರಾಜ ಒಡೆಯರ ಸೈನ್ಯವು ಆ ಕೋಟೆಯನ್ನು ಮುತ್ತಿತು. ಕೋಟೆಯು ಇನ್ನು ಉಳಿಯದೆಂದು ಕಂಡಾಗ, ಅದರ ಒಡೆಯನಾದ ವೀರರಾಜನು ತನ್ನ ಹೆಂಡಿರು ಮಕ್ಕಳನ್ನು ತಾನೇ ಕೊಂದು, ಬಳಿಕ ಕಾದಾಡಿ ಮಡಿದನೆಂದು ಚರಿತ್ರಕಾರರು ಹೇಳುತ್ತಾರೆ. ಚರಿತ್ರೆಯಲ್ಲಿ ಇದು ಒಂದೇ ವಾಕ್ಯ. ಆ ರಾತ್ರಿ ಆ ಹೆಂಗಸರು ಏನೆಂದರು? ಯಾವ ತಾಯಿಯು ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು? ಇದನ್ನು ಯಾವ ಗ್ರಂಥವೂ ಹೇಳದು. ಚರಿತ್ರೆಯು ಮಾತನ್ನು ನಿಲ್ಲಿಸಿದ ಈ ಸ್ಥಳದಲ್ಲಿಯೇ ಕಾದಂಬರಿಕಾರನ ಕೆಲಸವು ಮೊದಲಾಗುತ್ತದೆ. ಒಳ್ಳೆಯ ಚಾರಿತ್ರಿಕ ಕಾದಂಬರಿಯನ್ನು ಗುರುತಿಸಲು ನನಗೆ ತಿಳಿದ ಒರೆಗಲ್ಲು ಇದೊಂದೇ: ಅದು ನಮ್ಮ ಹಿರಿಯರ ಕಹಳೆಯನ್ನು ಊದಿದರೆ ಸಾಲದು, ಅವರ ಮೌನವನ್ನೂ ಕೇಳಬೇಕು.

ಈ ಪ್ರಾಂತಕ್ಕೆ ಇದು ಹೊಸ ವಿದ್ಯೆಯೇನೂ ಅಲ್ಲ. ಕಂಪಿಲಿಯ ಕುಮಾರರಾಮನು 14ನೆಯ ಶತಮಾನದ ಆದಿಭಾಗದಲ್ಲಿ ಮಡಿದ ವೀರನು. ಇನ್ನೂರು ವರ್ಷಗಳ ತರುವಾಯ, ಸುಮಾರು 1525ರಲ್ಲಿ, ಅವನ ಕಥೆಯನ್ನು ಸಾಂಗತ್ಯವಾಗಿ ಹಾಡಿದ ನಂಜುಂಡ ಕವಿಯು ಇಲ್ಲಿಯ ಚೆಂಗಾಳ್ವ ಮನೆತನದವನು. ಸರಿಸುಮಾರು ಅದೇ ಕಾಲದ ಮೂರನೆಯ ಮಂಗರಸನು ಈ ಹುಣಸೂರು ಸೀಮೆಯ ಕಲ್ಲಹಳ್ಳಿಯವನು. ದೂರದ ವೀರನ ಕಥೆಯನ್ನು ತನ್ನದಾಗಿಸಿಕೊಂಡ ನಾಡು ಇದು.

ಗದ್ಯ ಕಾದಂಬರಿಯ ಮಾರ್ಗವನ್ನು ಸವೆಸಿದವರಲ್ಲಿ ಇಬ್ಬರನ್ನು ನೆನೆಯದೆ ಮುಂದುವರಿಯಲಾರೆನು. ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ಕೃತಿಗಳನ್ನು ಕನ್ನಡಕ್ಕೆ ತಂದು ಜನರಿಗೆ ಓದುವ ರುಚಿಯನ್ನು ಹತ್ತಿಸಿದರು. ಗಳಗನಾಥರು (1869–1942) ತಮ್ಮಂತೆಯೇ ಶಾಲೆಯ ಉಪಾಧ್ಯಾಯರು. ವಿಜಯನಗರದ ಸ್ಥಾಪನೆಯನ್ನು ‘ಮಾಧವ ಕರುಣಾವಿಲಾಸ’ದಲ್ಲಿಯೂ, ಅದರ ಪತನವನ್ನು ‘ಕನ್ನಡಿಗರ ಕರ್ಮಕಥೆ’ಯಲ್ಲಿಯೂ ಹೇಳಿ, ಪುಸ್ತಕದ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದರು. ಧಾರವಾಡವು ಮುಂಬಯಿ ಪ್ರಾಂತಕ್ಕೂ, ಬಳ್ಳಾರಿಯು ಮದರಾಸಿಗೂ, ನಾವು ಮೈಸೂರು ಸಂಸ್ಥಾನಕ್ಕೂ ಸೇರಿ ಹಂಚಿಹೋಗಿದ್ದ ಆ ದಿನಗಳಲ್ಲಿ, ನಮ್ಮೆಲ್ಲರಿಗೂ ಒಬ್ಬನೇ ಪೂರ್ವಜನುಂಟೆಂಬ ಅರಿವನ್ನು ಇಂತಹ ಪುಸ್ತಕಗಳು ಬಿತ್ತಿದುವು. 1956ರ ನವೆಂಬರ್ 1ರಂದು ಗಡಿಗಳು ಅಳಿಸುವುದಕ್ಕೆ ಮೊದಲೇ ಓದುಗರ ಮನಸ್ಸಿನಲ್ಲಿ ಅವು ಮಸಕಾಗಿದ್ದುವು.

ಅದೇ 1956ರಲ್ಲಿ ಪ್ರಕಟವಾದ ಮಾಸ್ತಿಯವರ ‘ಚಿಕವೀರ ರಾಜೇಂದ್ರ’ವನ್ನು ಇಂದಿಗೂ ಮೊದಲು ಓದಬೇಕೆಂದು ಹೇಳುತ್ತೇನೆ. 1983ರ ಜ್ಞಾನಪೀಠ ಪ್ರಶಸ್ತಿಯು ಮಾಸ್ತಿಯವರಿಗೆ ಬಂದುದು ಈ ಕೃತಿಯ ನೆಪದಿಂದ. ಕೊಡಗು ನಮ್ಮ ನೆರೆಮನೆ. ಟೀಪೂಸುಲ್ತಾನನು ಸೆರೆಯಲ್ಲಿರಿಸಿದ್ದ ದೊಡ್ಡವೀರರಾಜೇಂದ್ರನು 1788ರಲ್ಲಿ ತಪ್ಪಿಸಿಕೊಂಡುಹೋದುದು ಪಿರಿಯಾಪಟ್ಟಣದಿಂದಲೇ. ಆ ವಂಶದ ಕಡೆಯ ಅರಸನು 1834ರಲ್ಲಿ ಇಂಗ್ಲಿಷರಿಂದ ಪದಚ್ಯುತನಾದ ಕಥೆ ಇದು. ಮಾಸ್ತಿಯವರು ದೊರೆಯ ದುಷ್ಟತನವನ್ನು ಮರೆಮಾಚಲಿಲ್ಲ. ರಾಜ್ಯವನ್ನು ಕಸಿದುಕೊಂಡವರ ಕಪಟವನ್ನೂ ಕ್ಷಮಿಸಲಿಲ್ಲ. ಮನೆಯೊಳಗಣ ಕೊಳೆತವೇ ಹೊರಗಿನವನಿಗೆ ಬಾಗಿಲನ್ನು ತೆರೆಯುತ್ತದೆಂಬುದನ್ನು ಇಷ್ಟು ಸಂಯಮದಿಂದ ತಿಳಿಸುವ ಪುಸ್ತಕಗಳು ವಿರಳ. ಇದಾದ ಮೇಲೆ ತ.ರಾ.ಸು. ಅವರ ‘ದುರ್ಗಾಸ್ತಮಾನ’ವನ್ನು ಹಿಡಿಯಿರಿ. 1779ರಲ್ಲಿ ಚಿತ್ರದುರ್ಗವು ಹೈದರಾಲಿಯ ವಶವಾದ ಕಥೆಯನ್ನು, ಫಲವನ್ನು ಮೊದಲೇ ಬಲ್ಲವರೂ ಎದೆ ಹಿಡಿದುಕೊಂಡು ಓದುವಂತೆ ಅವರು ಬರೆದಿದ್ದಾರೆ.

ಇನ್ನು ಹೊಸಬರಿಗೆ ಬರೋಣ. ವಸುಧೇಂದ್ರರ ‘ತೇಜೋ ತುಂಗಭದ್ರಾ’ (2019) ಎರಡು ನದಿಗಳ ಕಥೆ. ತೇಜೋ ಎಂಬುದು ಪೋರ್ಚುಗಲ್ ದೇಶದ ಲಿಸ್ಬನ್ ನಗರದ ಹೊಳೆ, ತುಂಗಭದ್ರೆಯು ನಮ್ಮದು. ಅಲ್ಲಿ ಯಹೂದ್ಯರನ್ನು ಮತದ ಹೆಸರಿನಲ್ಲಿ ಹಿಂಸಿಸುತ್ತಿದ್ದರು. ಇಲ್ಲಿ ವಿಜಯನಗರದ ವೈಭವದ ಮಗ್ಗುಲಲ್ಲಿಯೇ ಒಡೆಯನಿಗಾಗಿ ಪ್ರಾಣವನ್ನು ಒಪ್ಪಿಸುವ ಲೆಂಕವಾಳಿಯೂ ಸಹಗಮನವೂ ನಡೆಯುತ್ತಿದ್ದುವು. ಇಲ್ಲಿ ಕೃಷ್ಣದೇವರಾಯನ ಸಿಂಹಾಸನಕ್ಕಿಂತಲೂ ಹಂಪಮ್ಮನೆಂಬ ಸಾಮಾನ್ಯ ಹೆಣ್ಣಿನ ಬಾಳು ದೊಡ್ಡದಾಗಿ ಕಾಣುತ್ತದೆ. ಕೆಲವರಿಗೆ ಇದು ರುಚಿಸದು. ವಿಜಯನಗರದ ಮಹಿಮೆಯನ್ನು ಕೇಳಬಂದವರಿಗೆ ಚಿತೆಯ ಹೊಗೆಯನ್ನೇಕೆ ತೋರಿಸಬೇಕೆಂದು ಅವರು ಕೇಳುವರು.

ಅವರಿಗೆ ನಾನು ಹೆಗ್ಗಡದೇವನಕೋಟೆಯ ಬೆಳತೂರಿನ ಶಿಲಾಶಾಸನವನ್ನು ತೋರಿಸುತ್ತೇನೆ. 1057ರ ಆ ಕಲ್ಲಿನಲ್ಲಿ ದೇಕಬ್ಬೆಯ ಕಥೆಯಿದೆ. ನುಗುನಾಡಿನ ಒಡೆಯನಾದ ರವಿಗನ ಮಗಳು ಅವಳು. ಗಂಡನಾದ ಏಚನು ಮಲ್ಲಯುದ್ಧದಲ್ಲಿ ಎದುರಾಳಿಯನ್ನು ಕೊಂದನೆಂದು, ಅರಸನ ಆಜ್ಞೆಯಂತೆ ತಲಕಾಡಿನಲ್ಲಿ ಅವನಿಗೆ ಮರಣದಂಡನೆಯಾಯಿತು. ಸುದ್ದಿಯನ್ನು ಕೇಳಿದ ದೇಕಬ್ಬೆಯು, ತಂದೆತಾಯಿಗಳು ಎಷ್ಟು ಬೇಡಿಕೊಂಡರೂ ಒಪ್ಪದೆ ಅಗ್ನಿಯನ್ನು ಹೊಕ್ಕಳು. ಶಾಸನಕವಿಯು ಅವಳನ್ನು ಕೊಂಡಾಡಿದ್ದಾನೆ, ಪದ್ಯಗಳು ಸೊಗಸಾಗಿವೆ. ಆದರೆ ಅವಳನ್ನು ತಡೆಯಲೆತ್ತಿಸಿದ ಆ ತಾಯಿತಂದೆಗಳ ಕೂಗು ನನಗೆ ಪದ್ಯಕ್ಕಿಂತಲೂ ಗಟ್ಟಿಯಾಗಿ ಕೇಳುತ್ತದೆ. ನಮ್ಮ ನೆಲದ ಕಲ್ಲೇ ಹೇಳುತ್ತಿರುವುದನ್ನು ಕಾದಂಬರಿಕಾರನು ಹೇಳಿದರೆ ಅದು ನಾಡಿಗೆ ಅವಮಾನವಲ್ಲ. ನಾಡನ್ನು ಪ್ರೀತಿಸುವವನು ಅದರ ಗಾಯವನ್ನೂ ನೋಡಬಲ್ಲವನಾಗಿರಬೇಕು.

ಗಜಾನನ ಶರ್ಮರ ‘ಚೆನ್ನಭೈರಾದೇವಿ’ಯು ಗೇರುಸೊಪ್ಪೆಯ ರಾಣಿಯ ಕಥೆ. ಪೋರ್ಚುಗೀಸರು ಅವಳನ್ನು ಕರಿಮೆಣಸಿನ ರಾಣಿಯೆಂದು ಕರೆದರು. ಕಡಲಿನಿಂದ ಬಂದ ವರ್ತಕರನ್ನೂ ಘಟ್ಟದ ಮೇಲಣ ದೊರೆಗಳನ್ನೂ ಒಟ್ಟಿಗೆ ಎದುರಿಸಿ ಹೆಂಗಸೊಬ್ಬಳು ಅರ್ಧ ಶತಮಾನ ಆಳಿದಳೆಂಬುದು ನಮ್ಮ ಬಾಲಿಕೆಯರಿಗೆ ಅವಶ್ಯವಾಗಿ ತಿಳಿಯಬೇಕಾದ ವಿಷಯ. ಕೃಷ್ಣಮೂರ್ತಿ ಹನೂರರ ‘ಅಜ್ಞಾತನೊಬ್ಬನ ಆತ್ಮಚರಿತ್ರೆ’ಯು ಟೀಪೂವಿನ ಕಾಲದ್ದು, ಅಲ್ಲಿ ಮಾತನಾಡುವವನು ಸುಲ್ತಾನನಲ್ಲ, ಅವನ ಸೈನ್ಯದವನೊಬ್ಬ. 1799ರ ಮಾರ್ಚ್ 6ರಂದು ಪಿರಿಯಾಪಟ್ಟಣದ ಪಶ್ಚಿಮಕ್ಕೆ, ಕೊಡಗಿನ ಗಡಿಯ ಸಿದ್ಧೇಶ್ವರದಲ್ಲಿ ಟೀಪೂ ಮುಂಬಯಿಯ ಇಂಗ್ಲಿಷ್ ಸೈನ್ಯದೊಡನೆ ಕಾದಿ ಹಿಮ್ಮೆಟ್ಟಿದನು. ಅಲ್ಲಿ ಬಿದ್ದ ಸಿಪಾಯಿಗಳ ಹೆಸರನ್ನು ಯಾರೂ ಬಲ್ಲರೇ? ಅಂತಹ ಹೆಸರಿಲ್ಲದವರಿಗೆ ಬಾಯಿ ಬಂದುದು ಈ ಕೃತಿಯ ಹೆಚ್ಚಳ.

ಉಪಾಧ್ಯಾಯರಲ್ಲಿ ಒಂದು ಎಚ್ಚರಿಕೆಯ ಮಾತು. ಕಾದಂಬರಿಯನ್ನು ಚರಿತ್ರೆಯೆಂದು ಬೋಧಿಸಬಾರದು. ಕಥೆಯನ್ನು ಓದಿ ಹೇಳಿದ ಮಾರನೆಯ ದಿನ, ಇದರಲ್ಲಿ ಶಾಸನದಲ್ಲಿರುವುದೆಷ್ಟು, ಲೇಖಕನು ಕಲ್ಪಿಸಿದುದೆಷ್ಟು ಎಂದು ಮಕ್ಕಳಿಂದಲೇ ವಿಂಗಡಿಸಿರಿ. ಹುಣಸೂರು, ಹೆಗ್ಗಡದೇವನಕೋಟೆಗಳ ಶಾಸನಗಳನ್ನು ರೈಸ್ ಸಾಹೇಬರು ‘ಎಪಿಗ್ರಾಫಿಯಾ ಕರ್ನಾಟಿಕ’ದ 4ನೆಯ ಸಂಪುಟದಲ್ಲಿ 1898ರಲ್ಲಿಯೇ ಅಚ್ಚುಮಾಡಿಸಿದ್ದಾರೆ. ಹೀಗೆ ವಿಂಗಡಿಸಲು ಕಲಿತ ಬಾಲಕನು ಮುಂದೆ ಸುಳ್ಳು ಹೇಳುವ ಯಾವ ಭಾಷಣಕಾರನಿಗೂ ಮರುಳಾಗನು.

ಮತ್ತೊಂದು ಪ್ರಾರ್ಥನೆ. ಕೀರ್ತಿಪುರವೆಂಬ ಹೆಸರಿನಿಂದ ಪುನ್ನಾಟದ ರಾಜಧಾನಿಯಾಗಿದ್ದ ಕಿತ್ತೂರು, ಕಪಿಲೆಯ ದಡದಲ್ಲಿ, ಇದೇ ಹೆಗ್ಗಡದೇವನಕೋಟೆಯಲ್ಲಿತ್ತು. ಕೃಷ್ಣರಾಜನಗರದ ಹನಸೋಗೆಯ ಬಸದಿಯು ಚೆಂಗಾಳ್ವರ ನೆನಪನ್ನು ಉಳಿಸಿಕೊಂಡಿದೆ. ಎಡತೊರೆಯು ಕಾವೇರಿಯ ಪ್ರವಾಹಕ್ಕೆ ಸಿಕ್ಕಿ, ಜನರು ಬೇರೆಡೆಯಲ್ಲಿ ಹೊಸ ಊರನ್ನು ಕಟ್ಟಿಕೊಂಡ ಕಥೆಯು ಅಜ್ಜಂದಿರ ಬಾಯಲ್ಲಿ ಇನ್ನೂ ಇದ್ದೀತು. ಬರೆಯುವವರಿಗೆ ಇಲ್ಲಿ ಸಾಮಗ್ರಿಯ ಬಡತನವಿಲ್ಲ. ತಮ್ಮ ತರಗತಿಯ ಹಿಂದಿನ ಬೆಂಚಿನಲ್ಲಿಯೇ ಒಬ್ಬ ಗಳಗನಾಥನು ಕುಳಿತಿರಬಹುದು. ಆತನ ಕೈಗೆ ಒಂದು ಪುಸ್ತಕವನ್ನು ಕೊಡುವವರು ಬೇಕು.

ತಮ್ಮ ಶಾಲೆಗೆ ಈ ವರ್ಷ ಇವುಗಳಲ್ಲಿ ಎರಡು ಪುಸ್ತಕಗಳನ್ನಾದರೂ ಕೊಂಡುಕೊಳ್ಳಿರಿ. ಶನಿವಾರದ ಮಧ್ಯಾಹ್ನ ಗಟ್ಟಿಯಾಗಿ ಓದಿ ಹೇಳಿರಿ. ಮುಂದೊಮ್ಮೆ ನಾನು ಆ ಕೋಟೆಯ ಬಳಿಗೆ ಹೋದಾಗ ಆ ಹುಡುಗನ ತಮ್ಮನಾದರೂ ನಿಂತು, “ಸಾರ್, ಇಲ್ಲಿ ಏನಾಯಿತು ಗೊತ್ತೇ?” ಎಂದು ನನ್ನನ್ನೇ ಕೇಳುವಂತಾಗಲಿ.