ಕೈಗವಸಿಗೂ ಒಂದು ಪುಸ್ತಕವಿರಲಿ
(ಸಂಘಗಳ ಕಾರ್ಯದರ್ಶಿಗಳ ಮತ್ತು ಸದಸ್ಯರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಹಸುವಿನ ಡಾಕ್ಟರು ಕರೆಂಟಿನ ಮಾತೇಕೆ ಆಡುತ್ತಾರೆಂದು ನಿಮಗೆ ಅನ್ನಿಸಬಹುದು. ಕಾರಣವಿದೆ. ಈಗ ಅನೇಕ ಸಂಘಗಳಲ್ಲಿ ಹಾಲು ಶೀತಲೀಕರಣ ಘಟಕಗಳಿವೆ. ಅಲ್ಲಿ ಮೂರು ಫೇಸಿನ ವಿದ್ಯುತ್ತು, ಸದಾ ಒದ್ದೆ ನೆಲ. ಯಂತ್ರ ಕೆಟ್ಟರೆ ಹಾಲು ಹುಳಿಯಾದೀತೆಂಬ ಆತುರ. ಆ ಆತುರದಲ್ಲಿ ನಮ್ಮೂರ ಹುಡುಗನೊಬ್ಬ ಬರಿಗೈಯಲ್ಲಿ ಪ್ಯಾನೆಲ್ ಬಿಚ್ಚುತ್ತಾನೆ. ಹಾಲು ಹೋದರೆ ನಾಳೆ ಮತ್ತೆ ಕರೆಯಬಹುದು, ಜೀವ ಹೋದರೆ?

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು 2010ರಲ್ಲಿ ಬಂದವು. 2023ರಲ್ಲಿ ಅವುಗಳ ಬದಲಿಗೆ ಹೊಸವು ಬಂದಿವೆ. ಕೆಲಸಗಾರನಿಗೆ ಕೈಗವಸು, ರಬ್ಬರ್ ಬೂಟು, ಹೆಲ್ಮೆಟ್, ಲೈನ್ ಟೆಸ್ಟರ್ ಮುಂತಾದ ತಕ್ಕ ಸಲಕರಣೆ ಇರಬೇಕು, ಅವು ಸುಸ್ಥಿತಿಯಲ್ಲಿರಬೇಕು ಎಂಬುದು ಅವುಗಳ ಸಾರ. ಸಂಘದ ಕಚೇರಿಯಲ್ಲಿ ಈ ಮೂರು ಕಾಗದಗಳನ್ನು ಇಡಿ.

1. ಗುತ್ತಿಗೆದಾರನ ಲೈಸೆನ್ಸ್ ಮತ್ತು ಕೆಲಸಗಾರನ ಪರವಾನಗಿಯ ಪ್ರತಿ. ಅವಧಿ ಮುಗಿದಿದೆಯೇ ನೋಡಿ.

2. ವಿದ್ಯುತ್ ಕೆಲಸಕ್ಕೆ ನೇಮಿಸಿದವರ ಪಟ್ಟಿ. ಹೆಸರು, ಯಾವ ಕೆಲಸಕ್ಕೆ ಎಂಬ ವಿವರ, ಅವರ ಸಹಿ, ಸಂಘದ ಸಹಿ ಇರಲಿ. ವಿದ್ಯುತ್ ಪರಿವೀಕ್ಷಕರು ಕೇಳಿದಾಗ ಇದನ್ನು ತೋರಿಸಬೇಕು.

3. ಸಲಕರಣೆ ಪುಸ್ತಕ. ಕೊಂಡ ದಿನ, ಬಿಲ್ಲು, ಪರೀಕ್ಷಾ ಪತ್ರ, ಕೈಗವಸಿನ ಮೇಲಿನ ಐಎಸ್ 4770 ಗುರುತು ಮತ್ತು ವೋಲ್ಟೇಜು, ನೋಡಿದ ದಿನ, ನೋಡಿದವರ ಸಹಿ ಬರೆದಿಡಿ. ಸಲಕರಣೆ ಸುಸ್ಥಿತಿಯಲ್ಲಿದೆ ಎಂದು ತೋರಿಸಲು ಇದೇ ಆಧಾರ.

ಆದರೆ ನೋಡದೆ ಹಾಕಿದ ಸಹಿ ಯಾರನ್ನೂ ಕಾಯುವುದಿಲ್ಲ. ಲಸಿಕೆ ಹಾಕದೆ ಕಾರ್ಡಿನಲ್ಲಿ ದಿನಾಂಕ ಬರೆದರೆ ಕಾಲುಬಾಯಿ ಜ್ವರ ನಿಂತೀತೇ? ಪ್ರತಿ ಸಲ ತೊಡುವ ಮುಂಚೆ ಕೈಗವಸಿನ ಬಾಯಿಯನ್ನು ಸುತ್ತಿ, ಒಳಗೆ ಗಾಳಿ ಹಿಡಿದು ಒತ್ತಿ ನೋಡಿ. ಗಾಳಿ ಸೋರಿದರೆ ಅದನ್ನು ಕತ್ತರಿಸಿ ಎಸೆಯಿರಿ, ಪುಸ್ತಕದಲ್ಲೂ ಹೊಡೆದುಹಾಕಿ. ಪಾತ್ರೆ ತೊಳೆಯುವ ಕೈಗವಸು ಈ ಕೆಲಸಕ್ಕೆ ಸಲ್ಲದು.

ಒಳ್ಳೆಯ ಕೈಗವಸಿದೆ ಎಂದು ಕರೆಂಟು ಇರುವಾಗಲೇ ಕೈ ಹಾಕಬಾರದು. ಮೇನ್ ಸ್ವಿಚ್ಚಿನ ಜೊತೆಗೆ ಜನರೇಟರನ್ನೂ ಬಂದ್ ಮಾಡಿ, ಬೀಗ ಹಾಕಿ, ಟೆಸ್ಟರಿನಿಂದ ಖಚಿತಪಡಿಸಿಕೊಂಡೇ ಕೆಲಸ ಆರಂಭಿಸಲಿ.

ಸದಸ್ಯರೇ, ಮುಂದಿನ ಸಭೆಯಲ್ಲಿ ಫ್ಯಾಟು, ದರದ ಜೊತೆಗೆ ಈ ಪುಸ್ತಕವನ್ನೂ ಕೇಳಿ ನೋಡಿ. ಸಂಘ ನಿಮ್ಮದು, ಆ ಹುಡುಗನೂ ನಿಮ್ಮವನೇ.