ಎಣ್ಣೆ ಕಂಪನಿಗಳು ಕರೆಂಟು ಮಾರಲು ಬಂದಿವೆ

(ಗಿರಣಿ ಕಾರ್ಮಿಕರು ಹಾಗೂ ಸಣ್ಣ ವ್ಯಾಪಾರಿಗಳ ಸಂಜೆ ಸಭೆಯಲ್ಲಿ ಮಾಡಿದ ಭಾಷಣ)



ಪಾಳಿ ಮುಗಿಸಿ, ಅಂಗಡಿಯ ಬಾಗಿಲು ಎಳೆದು, ಮನೆಗೂ ಹೋಗದೆ ನೇರವಾಗಿ ಬಂದು ಕುಳಿತಿದ್ದೀರಿ. ಆದ್ದರಿಂದ ಪೀಠಿಕೆ ಬೆಳೆಸುವುದಿಲ್ಲ. ಹೆದ್ದಾರಿಯ ಬದಿಯ ಪೆಟ್ರೋಲ್ ಬಂಕಿನಲ್ಲಿ, ಪಂಪಿನಿಂದ ಕೊಂಚ ದೂರದಲ್ಲಿ, ಕಬ್ಬಿಣದ ಬೀರುವಿನಂಥ ಒಂದು ಯಂತ್ರ ನಿಂತಿರುವುದನ್ನು ನಿಮ್ಮಲ್ಲಿ ಅನೇಕರು ಕಂಡಿದ್ದೀರಿ. ಅದಕ್ಕೂ ಒಂದು ದಪ್ಪ ಕೊಳವೆಯಂಥ ಕೇಬಲ್ಲು ಇದೆ. ಬರುವುದು ಮಾತ್ರ ಎಣ್ಣೆಯಲ್ಲ, ಕರೆಂಟು. ಎಣ್ಣೆ ಮಾರಿ ಬದುಕುವವನು ಎಣ್ಣೆಯೇ ಬೇಡವೆನ್ನುವ ಗಾಡಿಗೆ ತನ್ನ ಅಂಗಳದಲ್ಲಿ ಜಾಗ ಕೊಟ್ಟದ್ದೇಕೆ ಎಂದು ಮಗ್ಗದ ಖಾತೆಯ ಮಿತ್ರರೊಬ್ಬರು ಕಳೆದ ವಾರ ನಮ್ಮನ್ನು ಕೇಳಿದರು. ಪ್ರಶ್ನೆ ಚಿಕ್ಕದಲ್ಲ.

ನಾವು ಮೇಷ್ಟರಾಗಿದ್ದವರು. ಲೆಕ್ಕದಿಂದಲೇ ಶುರು ಮಾಡುತ್ತೇವೆ. ಆ ಬೀರುವಿನ ಶಕ್ತಿ 60 ಕಿಲೋವಾಟ್ ಎಂದಿಟ್ಟುಕೊಳ್ಳಿ. ಒಂದು ಅಶ್ವಶಕ್ತಿ ಎಂದರೆ ಮುಕ್ಕಾಲು ಕಿಲೋವಾಟ್. ಅಂದರೆ 80 ಅಶ್ವಶಕ್ತಿ. ಹತ್ತು ಅಶ್ವಶಕ್ತಿಯ ಮೋಟಾರಿನ ಎಂಟು ಹಿಟ್ಟಿನ ಗಿರಣಿಗಳು ಒಟ್ಟಿಗೇ ತಿರುಗಿದಷ್ಟು ಕರೆಂಟನ್ನು ಅದು ಒಂದೇ ಕಾರಿಗೆ ಕುಡಿಸಬಲ್ಲದು. ಅರ್ಧ ಗಂಟೆಗೆ 30 ಯೂನಿಟ್. ಯೂನಿಟ್ಟಿಗೆ ಆರೇಳು ಕಿಲೋಮೀಟರ್ ಓಡುವ ಕಾರು ಅಷ್ಟರಲ್ಲಿ ಇನ್ನೂರು ಕಿಲೋಮೀಟರಿನ ಹಾದಿಗೆ ಸಿದ್ಧವಾಗುತ್ತದೆ. ಇಂಥ ಯಂತ್ರ ಕೂಡಿಸಲು ಅನೇಕ ಕಡೆ ಪ್ರತ್ಯೇಕ ಟ್ರಾನ್ಸ್‌ಫಾರ್ಮರೇ ಬೇಕಾಗುತ್ತದೆ. ಗಿರಾಕಿ ಬರಲಿ ಬಾರದಿರಲಿ, ಹಾಕಿದ ಹಣಕ್ಕೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ವರ್ಷಗಟ್ಟಲೆ ಕಾಯುವ ಜೇಬು ಸಣ್ಣ ವ್ಯಾಪಾರಿಗೆ ಎಲ್ಲಿಂದ ಬರಬೇಕು? ಎಣ್ಣೆ ಕಂಪನಿಗೆ ಆ ಜೇಬಿದೆ. ರಸ್ತೆ ಬದಿಯ ಜಾಗವಿದೆ, ರಾತ್ರಿ ದೀಪವಿದೆ, ಕಾವಲಿಗೆ ಆಳಿದ್ದಾನೆ. ನಾಳೆ ಪೆಟ್ರೋಲ್ ಇಳಿದರೆ ಆ ಜಾಗ ಬರಡಾಗುತ್ತದೆಂಬ ಭಯವೂ ಇದೆ.

ಇನ್ನೊಂದು ಗುಟ್ಟನ್ನು ಅಂಗಡಿಯವರು ಗಮನಿಸಬೇಕು. ಪೆಟ್ರೋಲ್ ಹಾಕಿಸಿಕೊಳ್ಳುವವನು ಐದು ನಿಮಿಷ ನಿಲ್ಲುತ್ತಾನೆ. ಚಾರ್ಜ್ ಮಾಡಿಸುವವನು ಅರ್ಧ ಗಂಟೆ ನಿಲ್ಲುತ್ತಾನೆ. ಆ ಅರ್ಧ ಗಂಟೆಯಲ್ಲಿ ಅವನು ಚಹಾ ಕುಡಿಯುತ್ತಾನೆ, ಬಿಸ್ಕತ್ತು ಕೊಳ್ಳುತ್ತಾನೆ. ಕಂಪನಿಯ ಕಣ್ಣು ಕೇಬಲ್ಲಿನ ಮೇಲೆ ಎಷ್ಟಿದೆಯೋ ಆ ಚಹಾದ ಲೋಟದ ಮೇಲೂ ಅಷ್ಟೇ ಇದೆ. ಶೆಲ್ ಕಂಪನಿ 2024ರಲ್ಲಿ, ತನ್ನ ಸ್ವಂತದ ಸುಮಾರು 500 ಬಂಕುಗಳನ್ನು ಆ ವರ್ಷವೂ ಮರುವರ್ಷವೂ ಮಾರಿಬಿಟ್ಟು ಚಾರ್ಜಿಂಗ್ ಹೆಚ್ಚಿಸುವುದಾಗಿ ತನ್ನ ವರದಿಯಲ್ಲೇ ಬರೆಯಿತು. ಹೆದ್ದಾರಿಯಲ್ಲಿ ತಗಡಿನ ಚಪ್ಪರ ಹಾಕಿಕೊಂಡು ಚಹಾ ಕಾಸುವ ನಮ್ಮ ಮಿತ್ರರು ಇದನ್ನು ಮನಸ್ಸಿನಲ್ಲಿಡಲಿ.

ಹಾಗೆಂದು ಈ ದೊಡ್ಡ ಕಂಪನಿಗಳು ವಿದ್ಯುತ್ತಿನ ಭಕ್ತರಾದರೆಂದು ಯಾರೂ ನಂಬಬೇಡಿ. ಬ್ರಿಟನ್ನಿನ ಬಿಪಿ ಕಂಪನಿ 2018ರಲ್ಲಿ ಅಲ್ಲಿಯ ಚಾರ್ಜ್‌ಮಾಸ್ಟರ್ ಎಂಬ ಸಂಸ್ಥೆಯನ್ನು 13 ಕೋಟಿ ಪೌಂಡಿಗೆ ಕೊಂಡಿತು. 2023ರಲ್ಲಿ 10 ಕೋಟಿ ಡಾಲರ್ ಬೆಲೆಯ ವೇಗದ ಯಂತ್ರಗಳಿಗಾಗಿ ಟೆಸ್ಲಾ ಕಂಪನಿಗೆ ಬೇಡಿಕೆ ಕೊಟ್ಟಿತು. ಆಮೇಲೆ? 2025ರ ಫೆಬ್ರವರಿಯಲ್ಲಿ ಅದೇ ಕಂಪನಿ ತೈಲ ಅನಿಲಗಳ ಮೇಲಿನ ಹೂಡಿಕೆ ಹೆಚ್ಚಿಸಿ ಹೊಸ ಶಕ್ತಿಯ ಬಾಬ್ತು ಕಡಿತ ಮಾಡಿತು. ಮುಂದೆ ಕೆಲವೇ ತಿಂಗಳಲ್ಲಿ ನೆದರ್ಲೆಂಡ್ಸ್‌ನ ತನ್ನ ಬಂಕುಗಳನ್ನು ಚಾರ್ಜಿಂಗ್ ಕೇಂದ್ರಗಳ ಸಮೇತ ಬೇರೊಬ್ಬರಿಗೆ ಮಾರಲು ಒಪ್ಪಿತು. ಖಾಸಗಿ ಬಂಡವಾಳದ ಸ್ವಭಾವವೇ ಅದು: ಹುಲ್ಲಿದ್ದ ಕಡೆ ಮೇಯುತ್ತದೆ, ಹುಲ್ಲು ತೀರಿದರೆ ಬೇಲಿ ಹಾರುತ್ತದೆ. ರಸ್ತೆಯಲ್ಲಿ ಓಡುವ ಬಡವನ ಗಾಡಿ ಬೇಲಿ ಹಾರುವ ದನವನ್ನು ನಂಬಿ ಊರು ಬಿಡಲಾದೀತೆ?

ನಮ್ಮ ದೇಶದ ಮಾತು ಸ್ವಲ್ಪ ಬೇರೆ. ಹಾಗಾದದ್ದು ಅದೃಷ್ಟದಿಂದಲ್ಲ. 1960ರಲ್ಲಿ ಸೋವಿಯತ್ ದೇಶ ಅಗ್ಗದ ಕಚ್ಚಾ ತೈಲ ಕೊಡಲು ಮುಂದೆ ಬಂದಾಗ, ನಮ್ಮ ನೆಲದಲ್ಲೇ ಕಾರ್ಖಾನೆ ಇಟ್ಟುಕೊಂಡಿದ್ದ ಬರ್ಮಾ ಶೆಲ್, ಮುಂದೆ ಎಸ್ಸೋ ಎನಿಸಿಕೊಂಡ ಸಂಸ್ಥೆ, ಕ್ಯಾಲ್‌ಟೆಕ್ಸ್ ಕಂಪನಿಗಳು ಅದನ್ನು ಶುದ್ಧಿ ಮಾಡುವುದಿಲ್ಲವೆಂದು ನಿರಾಕರಿಸಿದವು. ಮಂತ್ರಿ ಕೆ. ಡಿ. ಮಾಳವೀಯರು ಮಣಿಯಲಿಲ್ಲ. 1959ರಲ್ಲಿ ಹುಟ್ಟಿದ್ದ ಇಂಡಿಯನ್ ಆಯಿಲ್ ಬೆಳೆಯಿತು. 1974ರಲ್ಲಿ ಎಸ್ಸೋ ರಾಷ್ಟ್ರೀಕರಣವಾಗಿ ಹಿಂದುಸ್ತಾನ್ ಪೆಟ್ರೋಲಿಯಂ ಆಯಿತು, 1976ರಲ್ಲಿ ಬರ್ಮಾ ಶೆಲ್ ರಾಷ್ಟ್ರೀಕರಣವಾಗಿ ಮುಂದೆ ಭಾರತ್ ಪೆಟ್ರೋಲಿಯಂ ಆಯಿತು. 2021ರ ನವೆಂಬರಿನಲ್ಲಿ, ಕೆಲವೇ ವರ್ಷಗಳಲ್ಲಿ ಒಟ್ಟು 22,000 ಚಾರ್ಜಿಂಗ್ ಕೇಂದ್ರ ಕಟ್ಟುತ್ತೇವೆಂದು ಹೇಳಿದವರು ಈ ಮೂವರೇ: ಇಂಡಿಯನ್ ಆಯಿಲ್ 10,000, ಭಾರತ್ 7,000, ಹಿಂದುಸ್ತಾನ್ 5,000. 2023ರ ಮಾರ್ಚಿನಲ್ಲಿ ಕೇಂದ್ರ ಸರಕಾರ ಫೇಮ್ ಎರಡನೆಯ ಹಂತದ ಯೋಜನೆಯಲ್ಲಿ ಇವರಿಗೆ 7,432 ವೇಗದ ಕೇಂದ್ರಗಳಿಗಾಗಿ 800 ಕೋಟಿ ರೂಪಾಯಿ ಮಂಜೂರು ಮಾಡಿತು. ಭಾಗಿಸಿ ನೋಡಿ, ಒಂದೊಂದಕ್ಕೆ ಸುಮಾರು 10 ಲಕ್ಷ 76 ಸಾವಿರ. ಅದು ನಿಮ್ಮ ಬೆಂಕಿಪೊಟ್ಟಣದ ತೆರಿಗೆಯೂ ಸೇರಿದ ಹಣ.

ಈಗ ನಡುವಿನ ಒಂದು ಸಂಗತಿ ಕೇಳಿ. 2019ರ ನವೆಂಬರಿನಲ್ಲಿ ಅದೇ ಸರಕಾರ ಭಾರತ್ ಪೆಟ್ರೋಲಿಯಂನ ತನ್ನ ಶೇಕಡ 52.98 ಪಾಲನ್ನು ಮಾರಲು ಒಪ್ಪಿತ್ತು. ಕೊಳ್ಳುವವರು ಒಬ್ಬೊಬ್ಬರಾಗಿ ಜಾರಿಕೊಂಡರು. 2022ರ ಮೇ ತಿಂಗಳಲ್ಲಿ ಮಾರಾಟ ರದ್ದಾಯಿತು. ಮಾರಾಟ ನಡೆದಿದ್ದರೆ ಹತ್ತು ತಿಂಗಳ ಮೇಲೆ ಮಂಜೂರಾದ ಆ ಸಾರ್ವಜನಿಕ ಹಣದ ಒಂದು ಪಾಲು ಯಾರದೋ ಖಾಸಗಿ ಅಂಗಳದಲ್ಲಿ ಬೀಳುತ್ತಿತ್ತು. ನಾವು ಹೋರಾಡಿ ಉಳಿಸಿಕೊಂಡೆವೆಂದು ಎದೆ ತಟ್ಟಿಕೊಳ್ಳಲಾಗದು. ಗಿರಾಕಿ ಸಿಗದ್ದರಿಂದ ಉಳಿಯಿತು, ಅಷ್ಟೇ.

ಉಳಿದದ್ದು ನಮಗೆ ಒದಗುತ್ತದೆಯೇ? ನಮ್ಮ ಪೇಟೆಯಲ್ಲಿ ಬಟ್ಟೆಯ ಮೂಟೆ ಸಾಗಿಸುವ ಬ್ಯಾಟರಿ ಆಟೋದ ಚಾಲಕರೊಬ್ಬರ ಜೊತೆ ನಾವು ಒಂದು ಬಂಕಿಗೆ ಹೋಗಿದ್ದೆವು. ಕೇಬಲ್ಲಿನ ಮೂತಿ ಆಟೋದ ಕಿಂಡಿಗೆ ಹೊಂದಲಿಲ್ಲ. ಅದು ಕಾರಿನ ಅಳತೆಯದು. ಪಕ್ಕದಲ್ಲಿದ್ದ ಇನ್ನೊಂದು ಯಂತ್ರದ ಪರದೆ ಕಪ್ಪಾಗಿತ್ತು. ಬಂಕಿನ ಹುಡುಗ ಸಂಕೋಚದಿಂದ, "ಅಣ್ಣಾ, ರಿಪೇರಿಯವರಿಗೆ ಫೋನ್ ಮಾಡೀವಿ" ಎಂದ. ಹುಡುಗನದೇನು ತಪ್ಪು? ಆದರೆ ಚಾಲಕರಿಗೆ ಅರ್ಧ ದಿನದ ಬಾಡಿಗೆ ಹೋಯಿತು. ಅವರ ಗಾಡಿಗೆ ಬೇಕಾದದ್ದು ಏಳೆಂಟು ಯೂನಿಟ್. ಮಾರುಕಟ್ಟೆಯ ಗೋಡೆಯ ಸಾಕೆಟ್ಟಿನಿಂದ ತುಂಬಿಕೊಳ್ಳಬಹುದಾದಷ್ಟು. 2024ರ ಪಿಎಂ ಇ-ಡ್ರೈವ್ ಯೋಜನೆ ಚಾರ್ಜರುಗಳಿಗೆಂದು 2,000 ಕೋಟಿ ಇಟ್ಟು, ಎರಡು ಮೂರು ಚಕ್ರದ ಗಾಡಿಗಳಿಗೆಂದೇ 48,400 ಎಂದು ಗುರಿ ಬರೆಯಿತು. ಅವು ಎಲ್ಲಿ ಕೂರಬೇಕೆಂದು ಹೇಳುವವರು ಯಾರು? ನಮ್ಮ ರಾಜ್ಯ ಕೇಂದ್ರಗಳ ಸಂಖ್ಯೆಯಲ್ಲಿ ದೇಶಕ್ಕೇ ಮೊದಲು, 2024ರ ಕೊನೆಗೆ 5,765, ಬಹುಪಾಲು ಬೆಂಗಳೂರಿನಲ್ಲಿ.

ದರದ ಮಾತು. ಮನೆಗೆ ಪೋರ್ಟಿಕೋ ಇರುವವನು ರಾತ್ರಿ ಮನೆಯ ಕರೆಂಟಿನಲ್ಲೇ ಕಾರು ತುಂಬಿಸುತ್ತಾನೆ. ಅದಕ್ಕೆ ಜಿಎಸ್‌ಟಿ ಇಲ್ಲ. ವಠಾರದಲ್ಲಿ ಇರುವವನು ಕೇಂದ್ರಕ್ಕೇ ಹೋಗಬೇಕು. ಬ್ಯಾಟರಿ ತುಂಬಿಸುವುದು ಕರೆಂಟಿನ ಮಾರಾಟವಲ್ಲ, ಸೇವೆ, ಆದ್ದರಿಂದ ಶೇಕಡ 18 ತೆರಿಗೆ ಎಂದು 2023ರಲ್ಲಿ ನಮ್ಮ ರಾಜ್ಯದ ಮುಂಗಡ ತೀರ್ಪು ಪ್ರಾಧಿಕಾರ ಹೇಳಿತು. ಪ್ರಶ್ನೆ ಕೇಳಿದ್ದು ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ನಿಗಮ. ಗಾಡಿ ಕೊಳ್ಳುವಾಗ ತೆರಿಗೆ ಶೇಕಡ 5, ಅದಕ್ಕೆ ಉಣಿಸುವಾಗ 18! ಇನ್ನು 2024ರ ಕೇಂದ್ರದ ಮಾರ್ಗಸೂಚಿಯಂತೆ ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ಕೇಂದ್ರಗಳಿಗೆ ಕರೆಂಟು ಸರಾಸರಿ ವೆಚ್ಚದ ಹತ್ತರಲ್ಲಿ ಏಳು ಪಾಲಿಗೆ ಸಿಗಬೇಕು, ಉಳಿದ ಹೊತ್ತಿನಲ್ಲಿ ಹತ್ತಕ್ಕೆ ಹದಿಮೂರು. ಹಗಲಿನ ರಿಯಾಯಿತಿ ಚಾಲಕನ ಬಿಲ್ಲಿನವರೆಗೆ ಇಳಿಯುತ್ತದೆಯೇ? ಬೋರ್ಡು ನೋಡದೆ ತಿಳಿಯದು.

ಆದ್ದರಿಂದ ಬರುವ ಭಾನುವಾರ ಬೆಳಿಗ್ಗೆ ಏಳಕ್ಕೆ, ಗಿರಣಿಯ ಗೇಟಿನ ಎದುರಿನ ಚಹಾ ಅಂಗಡಿಯಲ್ಲಿ ಸೇರೋಣ. ಅಲ್ಲಿಂದ ಎರಡು ತಂಡವಾಗಿ ಊರಿನ ಎಲ್ಲ ಬಂಕುಗಳಿಗೆ ಹೋಗಿ, ಯಂತ್ರ ಎಷ್ಟು, ನಡೆಯುತ್ತಿರುವುದು ಎಷ್ಟು, ಯಾವ ಮೂತಿ, ದರದ ಬೋರ್ಡು ಇದೆಯೇ ಎಂದು ಬರೆದುಕೊಂಡು ಬರುವುದು. ಆ ಪಟ್ಟಿಯನ್ನು ಸೋಮವಾರ ಜಿಲ್ಲಾಧಿಕಾರಿಗಳ ಕಚೇರಿಗೂ ವಿದ್ಯುತ್ ಕಚೇರಿಗೂ ಕೊಟ್ಟು, ಮಾರುಕಟ್ಟೆಯಲ್ಲಿ ಆಟೋಗಳಿಗೆ ಸಾಕೆಟ್ಟು ಕೇಳುವುದು. ಸೈಕಲ್ಲು ಇರುವವರು ಸೈಕಲ್ಲು ತನ್ನಿ. ಆ ಚಾಲಕ ಮಿತ್ರರು ತಮ್ಮ ಆಟೋ ತರುತ್ತೇವೆಂದು ಒಪ್ಪಿದ್ದಾರೆ. ಶನಿವಾರ ರಾತ್ರಿ ಎಲ್ಲಾದರೂ ಚಾರ್ಜ್ ಸಿಕ್ಕಿದರೆ.